ಹಗ್ಗ ಹೆಚ್ಚಿದೆ

ನನ್ನ ಸೋದರತ್ತೆಗೆ ಆ ಬೀದಿಯಲ್ಲಿ ಗುಂಡಿ ಅತ್ತೆ ಎಂದೇ ಹೆಸರು. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಮೇಜು. ಯಂತ್ರದಲ್ಲಿ ಗುಂಡಿ ಕಳೆದುಕೊಂಡು ಬಂದ ಅಂಗಿಗಳಿಗೆ ಗುಂಡಿ ಹಚ್ಚಿ ಕಳಿಸುವುದು ಅವಳ ಕೆಲಸ. ಮೇಜಿನ ಮೇಲೆ ತಗಡಿನ ಡಬ್ಬಿಗಳ ಸಾಲು. ಯಾವುದರಲ್ಲಿ ಏನಿದೆ ಎಂದು ಅವಳು ನೋಡುವುದಿಲ್ಲ. ಬೆರಳು ಒಳಗೆ ಹೋಗಿ, ತಡಕಾಡಿ, ಬೇಕಾದ್ದನ್ನು ಹಿಡಿದು ಬರುತ್ತದೆ, ಕೋಳಿ ಕಾಳು ಹೆಕ್ಕಿದ ಹಾಗೆ.

ಸೂಜಿ ಕೆಲಸದವರು ಬೆಳಕಿಗೆ ಮುಖ ಮಾಡಿ ಕೂರುತ್ತಾರೆ. ಅತ್ತೆ ಮಾತ್ರ ಕಿಟಕಿಗೆ ಬೆನ್ನು ಕೊಟ್ಟು ಕೂರುತ್ತಾಳೆ. ಆ ಕಿಟಕಿಯಿಂದ ಹೊಳೆಯಾಚೆಯ ಎತ್ತರದ ಕಟ್ಟಡಗಳು ಕಾಣುತ್ತವೆ. ಅವುಗಳಲ್ಲಿ ಯಾವುದೋ ಒಂದರ ಗಾಜಿನ ಮೇಲೆ, ಹಗ್ಗಕ್ಕೆ ಜೋತುಬಿದ್ದು, ಅತ್ತೆಯ ಗಂಡ, ನನ್ನ ಮಾವ ಇರುತ್ತಾನೆ. ಕಿಟಕಿ ಒರೆಸುವುದು ಅವನ ಕಸುಬು.

ಅತ್ತೆ ಪುಕ್ಕಲಿ. ಲಿಫ್ಟಿನ ಬಾಗಿಲು ತಡವಾಗಿ ತೆರೆದರೆ ಅವಳ ಬಾಯಿ ಒಣಗುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಡಿದುಕೊಂಡರೆ ಸೂಜಿ ಬೆರಳಿಗೆ ಹೋಗುತ್ತದೆ. ಅಂಗಡಿಯ ಇಸ್ತ್ರಿಯವನಿಗೆ ಇದೊಂದು ಬಿಟ್ಟಿ ತಮಾಷೆ.

"ಡಬ್ಬಿ ತುಂಬ ಗುಂಡಿ ಇಟ್ಕೊಂಡಿದೀರಿ ಅತ್ತೆ, ಗುಂಡಿಗೆ ಮಾತ್ರ ಒಂದೂ ಇಲ್ಲ."

"ಗುಂಡಿಗೆ ಬೇಕಾದ್ದು ದಾರ ಕಣಪ್ಪ, ಧೈರ್ಯ ಅಲ್ಲ," ಎನ್ನುತ್ತಾಳೆ ಅತ್ತೆ, ತಲೆ ಎತ್ತದೆ.

ಅವಳ ಭಯ ಎಲ್ಲಿಂದ ಶುರುವಾಯಿತು ಎಂದು ನನಗೆ ಗೊತ್ತು. ಅದು ನಮ್ಮ ಮನೆಯ ಮಾತಿನಿಂದ ಶುರುವಾದದ್ದು.

ನನ್ನ ಅಜ್ಜಿ, ಅಂದರೆ ಅತ್ತೆಯ ತಾಯಿ, ಕೆಟ್ಟ ಮಾತನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ದೀಪ ಆರಿತು ಎನ್ನಬಾರದು, ದೊಡ್ಡದಾಯಿತು ಎನ್ನಬೇಕು. ಅಕ್ಕಿ ಮುಗಿಯಿತು ಎನ್ನಬಾರದು, ತುಂಬಿದೆ ಎನ್ನಬೇಕು. ಹೋಗುತ್ತೇನೆ ಎಂದು ಯಾರೂ ಹೋಗುವಂತಿಲ್ಲ; ಎಲ್ಲರೂ ಬರುತ್ತೇನೆ ಎಂದೇ ಹೋಗಬೇಕು. ಬಳೆ ಒಡೆದರೆ ಹೆಚ್ಚಿತು. ಬೇರೆ ಮನೆಗಳಲ್ಲಿ ಬಳೆಗಷ್ಟೇ ಇದ್ದ ಆ ಮಾತು ನಮ್ಮ ಮನೆಯಲ್ಲಿ ಲೋಟಕ್ಕೆ, ತಟ್ಟೆಗೆ, ದಾರಕ್ಕೆ, ಚಪ್ಪಲಿಯ ಉಂಗುಷ್ಠಕ್ಕೆ, ಎಲ್ಲಕ್ಕೂ ಹಬ್ಬಿತು. ಒಡೆದದ್ದು, ಹರಿದದ್ದು, ಕಿತ್ತುಹೋದದ್ದು ಎಲ್ಲವೂ ನಮ್ಮಲ್ಲಿ ಹೆಚ್ಚಿದ್ದೇ. ಹೊರಗಿನಿಂದ ಬಂದವರು ಕೇಳಿದರೆ ಈ ಮನೆಯಲ್ಲಿ ಏನೂ ಕಡಿಮೆಯಾಗುವುದೇ ಇಲ್ಲ ಅಂದುಕೊಳ್ಳಬೇಕು.

ಅತ್ತೆ ಫ್ರಾಕು ಹಾಕುವ ವಯಸ್ಸಿನಲ್ಲಿದ್ದಾಗ ಅವಳ ಅಪ್ಪ ದೂರದ ಸೇತುವೆ ಕೆಲಸಕ್ಕೆ ಹೋಗಿದ್ದರು. ಒಂದು ಬೆಳಿಗ್ಗೆ ಮನೆ ತುಂಬ ಜನ. ಒಬ್ಬರು ಅವಳನ್ನು ಕುರ್ಚಿಯ ಮೇಲೆ ಕೂರಿಸಿ ನೀರು ಕೊಟ್ಟರು. ಎಲ್ಲರ ದನಿ ಬೆಣ್ಣೆಯ ಹಾಗಿತ್ತು. "ಅಪ್ಪ ಅಲ್ಲೇ ಹೆಚ್ಚು ದಿನ ಇರ್ತಾರಂತೆ ಪುಟ್ಟಿ," ಎಂದರು. ಅವಳು ನಂಬಿದಳು. ಸಂಜೆ ಅಮ್ಮ ಬಂದು ಜಡೆ ಹಾಕಲು ಕೂತಾಗ ಏನೋ ಸದ್ದು ಕಡಿಮೆಯಾಗಿದೆ ಅನ್ನಿಸಿತು. ತಿರುಗಿ ನೋಡಿದರೆ ಅಮ್ಮನ ಕೈ ಬರಿದು.

"ಅಮ್ಮಾ, ಬಳೆ?"

"ಹೆಚ್ಚಿದವು ಕಣೆ," ಎಂದಳು ಅಮ್ಮ. "ಎಲ್ಲಾ."

ಅಂದಿನಿಂದ ಅತ್ತೆಗೆ ಬೈಗುಳದ ಭಯವಿಲ್ಲ, ಒಳ್ಳೆಯ ಮಾತಿನ ಭಯ. ಯಾರಾದರೂ ಮೆತ್ತಗೆ ಮಾತಾಡಿದರೆ ಅವಳ ಕಣ್ಣು ಅವರ ಕೈಗಳನ್ನು ಹುಡುಕುತ್ತದೆ. ಆದರೂ ಆ ಮಾತುಗಳನ್ನು ಅವಳು ಬಿಡಲಿಲ್ಲ. ಮದುವೆಯಾಗಿ ಬಂದ ಮನೆಗೂ ತಂದಳು, ಮಾವನ ನಾಲಿಗೆಗೂ ಹತ್ತಿಸಿದಳು. ಭಯಪಡಿಸುವುದನ್ನೇ ಬಿಗಿಯಾಗಿ ಹಿಡಿದುಕೊಳ್ಳುವ ಜನ ಇರುತ್ತಾರೆ, ಅತ್ತೆ ಅಂಥವಳು.

ಹಬ್ಬಗಳಲ್ಲಿ ಅವಳು ಉಳಿಸಿಕೊಂಡದ್ದು ಒಂದೇ, ರಾಮ ಹುಟ್ಟಿದ ದಿನ. ಅದು ಅವಳ ಅಮ್ಮನಿಂದ ಬಂದದ್ದು. ಹೆಬ್ಬೆರಳ ಗಾತ್ರದ ಹಿತ್ತಾಳೆಯ ಶಿಶು, ಅಂಬೆಗಾಲಿಟ್ಟು ತಲೆ ಎತ್ತಿದ್ದು, ಅದೂ ಅಮ್ಮನದೇ. ರಾಮ ಹುಟ್ಟುವುದು ನಡುಹಗಲಿಗೆ, ಆ ಹೊತ್ತಿಗೆ ಅತ್ತೆ ಅಂಗಡಿಯಲ್ಲಿರುತ್ತಾಳೆ. ಹಾಗಾಗಿ ವರ್ಷವರ್ಷವೂ ದೇವರು ಹುಟ್ಟುವುದು ಅಂಗಡಿಯ ಹಿಂದಿನ ಕೋಣೆಯಲ್ಲೇ. ದಾರದ ಬೀರುವಿನ ಚಿಕ್ಕ ಡ್ರಾಯರನ್ನು ಖಾಲಿ ಮಾಡಿದರೆ ಅದೇ ತೊಟ್ಟಿಲು. ಕೋಟುಗಳನ್ನು ತೂಗುಹಾಕುವ ಕಬ್ಬಿಣದ ಕೊಳವೆಗೆ ಅದನ್ನು ಕಟ್ಟಿ, ಕೆಂಪು ಬಟ್ಟೆ ಹಾಸಿ, ಶಿಶುವಿಗೆ ಹೊಸ ಅಂಗಿ ತೊಡಿಸಿ, ನಾಲ್ಕು ಸಲ ತೂಗಿ ಜೋಗುಳ ಹೇಳುತ್ತಾಳೆ. ಆ ಅಂಗಿಗೆ ಒಂದೇ ಗುಂಡಿ, ಎಲ್ಲ ಡಬ್ಬಿಗಳಲ್ಲಿ ಅತಿ ಚಿಕ್ಕದು. ಅಂಗಡಿಯ ಯಜಮಾನಿಯ ದೇವರುಗಳು ಬೇರೆ. ಆದರೂ ಅವಳು ಒಪ್ಪಿಕೊಂಡಿದ್ದಾಳೆ.

"ನಿನ್ನ ದೇವರು ಬಲು ಜಾಣ. ಊಟದ ಬಿಡುವಿಗೇ ಹುಟ್ತಾನೆ, ನನ್ನ ಕೆಲಸ ಕೆಡಿಸಲ್ಲ."

ಅತ್ತೆ ಅಂಗಿ ಹೊಲಿಯುವುದು ದೇವರಿಗೆ ಮಾತ್ರವಲ್ಲ. ಮಾವನ ಹಗ್ಗಕ್ಕೂ ಒಂದು ಅಂಗಿ ಇದೆ.

ಚಾವಣಿಯ ಅಂಚಿನಿಂದ ಹಗ್ಗ ಕೆಳಗಿಳಿಯುವ ಜಾಗದಲ್ಲಿ ಕಾಂಕ್ರೀಟಿನ ಮೂಲೆ ಅದನ್ನು ತಿನ್ನುತ್ತದೆ. ಕೆಳಗೆ ಜೋತವನು ತೂಗಾಡಿದಷ್ಟೂ ತಿನ್ನುತ್ತದೆ. ಅದಕ್ಕೆ ಅಲ್ಲೊಂದು ದಪ್ಪ ಬಟ್ಟೆಯ ತೋಳು ತೊಡಿಸುತ್ತಾರೆ, ಅಂಗಿಯ ತೋಳಿನ ಹಾಗೆ. ಕಂಪನಿ ಕೊಟ್ಟ ತೋಳಿನ ಅಂಟುಪಟ್ಟಿ ಬೇಗ ಸೋತುಹೋಯಿತು. ಅತ್ತೆ ಹಳೆಯ ಜೀನ್ಸುಗಳನ್ನು ಪದರಪದರವಾಗಿ ಇಟ್ಟು ಹೊಲಿದು, ಉದ್ದಕ್ಕೂ ಕೋಟಿನ ದೊಡ್ಡ ಗುಂಡಿಗಳನ್ನು ಹಚ್ಚಿ ಒಂದನ್ನು ಮಾಡಿಕೊಟ್ಟಳು. ಮಾವನ ಮೇಸ್ತ್ರಿ ನಕ್ಕ: "ಹಗ್ಗಕ್ಕೂ ಅಂಗಿ ತೊಡಿಸೋ ಹೆಂಡ್ತಿ ನಿನಗೊಬ್ಬನಿಗೇ ಕಣಯ್ಯ." ನಕ್ಕವನೇ ತನ್ನವರಿಗೂ ಒಂದಷ್ಟು ಹೊಲಿಸಿಕೊಂಡ. ಮನೆಯಲ್ಲಿ ಅದಕ್ಕೆ ಹಗ್ಗದಂಗಿ ಎಂದು ಹೆಸರಾಯಿತು.

ನಾನು ಹೇಳಹೊರಟಿರುವ ವರ್ಷ, ಹಬ್ಬದ ಹಿಂದಿನ ಸಂಜೆ, ಮಾವ ಬಂದವನೇ ಹಗ್ಗದಂಗಿಯನ್ನು ಅವಳ ಮಡಿಲಿಗೆ ಎಸೆದ.

"ಲೇ ಪುಕ್ಕಲಿ, ನಿನ್ನ ಅಂಗೀಲಿ ಒಂದು ಗುಂಡಿ ಹೆಚ್ಚಿದೆ ನೋಡು."

ಗುಂಡಿ ಒಂದು ಕಡಿಮೆಯಿದೆ ಎಂದು ಅತ್ತೆಗೆ ಕೂಡಲೇ ತಿಳಿಯಿತು. ಕೂತಲ್ಲೇ ಹೊಸದು ಹಚ್ಚಿದಳು. ಹಚ್ಚುತ್ತ ಕೇಳಿದಳು, "ರೀ, ತೊಟ್ಟಿಲಿನ ಹುರಿ ಹಳೇದಾಗಿದೆ. ನಿಮ್ಮ ಹಗ್ಗದ ತುಂಡೇನಾದ್ರೂ ಇದ್ರೆ ತನ್ನಿ."

"ದೇವರನ್ನೂ ನನ್ನ ಹಾಗೇ ತೂಗಾಡಿಸ್ತೀಯಾ? ನೋಡೋಣ," ಎಂದ ಮಾವ. ಆ ಮಾತು ಅಲ್ಲಿಗೇ ಬಿತ್ತು.

ಬೆಳಿಗ್ಗೆ ಗಡಿಬಿಡಿ. ಮಾವನಿಗೆ ಬೇಗ ಹೊರಡಬೇಕಿತ್ತು. ಅತ್ತೆ ಸ್ನಾನದಲ್ಲಿದ್ದಾಗಲೇ ಬಾಗಿಲಿನಿಂದ "ಬರ್ತೀನಿ" ಎಂದು ಕೂಗಿ ಹೋದ. ಅವಳು ತಲೆ ಒರೆಸಿಕೊಳ್ಳುತ್ತ ಬಂದು, ಮೇಜಿನ ಮೇಲೆ ಮಡಿಸಿಟ್ಟಿದ್ದ ದೇವರ ಬಟ್ಟೆಗಳನ್ನು ಒಟ್ಟಿಗೇ ಬಾಚಿ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೊರಟಳು.

ಮಧ್ಯಾಹ್ನ ಇನ್ನೂ ದೂರವಿತ್ತು. ಯಾವುದೋ ಹೋಟೆಲಿನ ಬಿಳಿ ಅಂಗಿಗಳ ರಾಶಿ ಮುಗಿಸಿ, ತೊಟ್ಟಿಲಿನ ಅಣಿ ಮಾಡಿಟ್ಟುಕೊಳ್ಳೋಣವೆಂದು ಅತ್ತೆ ಚೀಲ ಬಿಚ್ಚಿದಳು. ಕೆಂಪು ಬಟ್ಟೆಯನ್ನು ಕೊಡವಿದಾಗ ಅದರ ಮಡಿಕೆಯಿಂದ ಭಾರವಾದದ್ದೊಂದು ನೆಲಕ್ಕೆ ಬಿತ್ತು. ಗುಂಡಿಗಳು ನೆಲಕ್ಕೆ ಬಡಿದು ಟಕಟಕ ಎಂದವು.

ಹಗ್ಗದಂಗಿ.

ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ನೋಡುತ್ತ ನಿಂತಳು. ಹಬೆಯ ಕೊಳವೆಗಳು ಎಂದಿನಂತೆ ಬುಸುಗುಡುತ್ತಿದ್ದವು. ಹಾಗಾದರೆ ಇವತ್ತು ಹಗ್ಗದ ಮೈಮೇಲೆ ಏನಿದೆ? ಕಾಂಕ್ರೀಟಿನ ಮೂಲೆ ನೇರ ಹಗ್ಗದ ಮೇಲೆ. ಹಗ್ಗದ ತುದಿಯಲ್ಲಿ ಅವನು.

ಮೇಸ್ತ್ರಿಯ ನಂಬರಿಗೆ ಫೋನ್ ಮಾಡಿದಳು. ಗಂಟೆ ಹೊಡೆದೂ ಹೊಡೆದೂ ನಿಂತಿತು. ಮಾವ ಮೇಲೆ ಹೋಗುವಾಗ ಫೋನ್ ಒಯ್ಯುವುದಿಲ್ಲ. ಜಾರಿ ಬಿದ್ದರೆ ಕೆಳಗಿದ್ದವರ ತಲೆಗೆ ಕೇಡು. ಮತ್ತೆ ಮಾಡಿದಳು. ಮತ್ತೆ ಅಷ್ಟೇ.

"ಏನತ್ತೆ, ದೇವರಿಗೇ ಫೋನಾ?" ಎಂದ ಇಸ್ತ್ರಿಯವ.

ಅತ್ತೆ ಹಗ್ಗದಂಗಿ ತೋರಿಸಿದಳು. ಅವನಿಗೆ ಅದರ ಕಥೆ ಗೊತ್ತು. ನಗು ನಿಲ್ಲಿಸಿದ. "ಅಯ್ಯೋ, ಅವರೇನು ಚಿಕ್ಕ ಮಗುವಾ? ಗೋಣಿಯೋ ಟವೆಲ್ಲೋ ಏನಾದ್ರೂ ಸುತ್ತಿರ್ತಾರೆ. ಜೊತೆಗೆ ಇನ್ನೊಂದು ಹಗ್ಗ ಇರತ್ತಂತಲ್ಲ, ನೀವೇ ಹೇಳಿದ್ರಿ."

ಇರುತ್ತದೆ. ಎರಡನೆಯದೂ ಅದೇ ಅಂಚಿನಿಂದಲೇ ಇಳಿಯುತ್ತದೆ ಎಂದು ಅವಳು ಹೇಳಲಿಲ್ಲ. ಕೂತು ಸೂಜಿ ಪೋಣಿಸಿದಳು. ಒಂದು ಅಂಗಿಗೆ ಗುಂಡಿಗಳನ್ನೆಲ್ಲ ಕಾಜದ ಬದಿಗೇ ಹಚ್ಚಿ ಮುಗಿಸಿದ ಮೇಲೆ ಗೊತ್ತಾಯಿತು. ಬಿಚ್ಚಿದಳು. ಬಿಚ್ಚುವಾಗ ಬಟ್ಟೆ ಸ್ವಲ್ಪ ಹರಿಯಿತು. ಹೆಚ್ಚಿತು, ಎಂದುಕೊಂಡಳು, ಅಭ್ಯಾಸದಿಂದ. ಎಂದುಕೊಂಡ ಮೇಲೆ ಮೈ ತಣ್ಣಗಾಯಿತು.

ಕಿಟಕಿ ಅವಳ ಬೆನ್ನಿನ ಹಿಂದೆ ಇತ್ತು. ತಿರುಗಿದರೆ ಹೊಳೆಯಾಚೆಯದೆಲ್ಲ ಕಾಣುತ್ತಿತ್ತು. ಅವಳು ತಿರುಗಲಿಲ್ಲ.

ತೊಟ್ಟಿಲು ಕಟ್ಟುವ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಫೋನ್ ಹೊಡೆದುಕೊಂಡಿತು. ಇಸ್ತ್ರಿಯವ ಎತ್ತಿಕೊಂಡ. "ಹ್ಞಾಂ... ಹ್ಞಾಂ... ಯಾರು? ಸರಿ, ಹೇಳ್ತೀನಿ." ಅಷ್ಟೇ. ಅವನು ಪರದೆ ಸರಿಸಿ ತಲೆ ಹಾಕಿದ.

"ನಿಮ್ಮನೆಯವರ ಕೆಲಸದ ಜಾಗದಿಂದ. ಯಾರೋ ಮಾತಾಡಿದ್ರು, ಅವರಲ್ಲ. ‘ಹಗ್ಗ ಹೆಚ್ಚಿದೆ ಅಂತ ಹೇಳ್ಬಿಡಿ’ ಅಂದು ಇಟ್ಬಿಟ್ರು."

ಅತ್ತೆಯ ಕೈಯಲ್ಲಿ ದೇವರ ಶಿಶು ಇತ್ತು. ಅಂಗಿಯ ಗುಂಡಿ ಹಾಕುತ್ತಿದ್ದಳು.

"ಏನಂದ್ರು?"

"ಹಗ್ಗ ಹೆಚ್ಚಿದೆ ಅಂತ."

"ಯಾರು ಹೇಳಿದ್ದು ಅದನ್ನ? ನಮ್ಮನೆಯವರು ಹಾಗೆ ಹೇಳು ಅಂದ್ರಂತಾ?"

"ಅದೆಲ್ಲ ಕೇಳ್ಲಿಲ್ಲ ನಾನು. ಗಾಳಿ ಸದ್ದು ಬೇರೆ. ಯಾಕತ್ತೆ? ಹೆಚ್ಚಿದ್ರೆ ಒಳ್ಳೇದಲ್ವಾ, ಕಮ್ಮಿಯಾದ್ರೆ ತಾನೇ ಕಷ್ಟ?"

ಅತ್ತೆ ಅವನ ಮುಖ ನೋಡಿದಳು. ಅವನಿಗೆ ಅರ್ಥವಾಗಿಲ್ಲ, ಆಗುವುದೂ ಇಲ್ಲ. ಆ ಇಡೀ ಬೀದಿಯಲ್ಲಿ, ಆ ಊರಲ್ಲಿ, ಹರಿದ ಹಗ್ಗಕ್ಕೆ ಹೆಚ್ಚಿದೆ ಎನ್ನುವವರು ಇಬ್ಬರೇ. ಅವಳು, ಮತ್ತು ಅವನು. ಅವನೇ ಹೇಳಿ ಕಳಿಸಿದ್ದಾದರೆ ಬದುಕಿದ್ದಾನೆ. ಎಲ್ಲಿ, ಹೇಗೆ ಬದುಕಿದ್ದಾನೆ? ನೆಲದ ಮೇಲೆ ಮಲಗಿ, ಹೆಂಡತಿ ಹೆದರುತ್ತಾಳೆ, ಮನೆಯ ಮಾತಿನಲ್ಲೇ ಹೇಳಿ, ಎಂದು ಹೇಳಿದನೇ?

ಹಗ್ಗದಂಗಿಯನ್ನು ಎದೆಗವಚಿಕೊಂಡು ಅವಳು ಬಾಗಿಲಿಗೆ ನಡೆದಳು. ಯಜಮಾನಿ ಊಟದ ಡಬ್ಬಿ ಬಿಚ್ಚುತ್ತಿದ್ದಳು.

"ಎಲ್ಲಿಗೆ? ನಿನ್ನ ದೇವರು ಹುಟ್ಟೋ ಹೊತ್ತಲ್ವಾ?"

"ಅವನು ಪ್ರತಿವರ್ಷ ಹುಟ್ತಾನೆ," ಎಂದಳು ಅತ್ತೆ. ಆ ಮಾತು ತಾನೇ ಆಡಿದ್ದು ಎಂದು ಅವಳು ಇವತ್ತಿಗೂ ನಂಬುವುದಿಲ್ಲ. ಹಿತ್ತಾಳೆಯ ಶಿಶು ಕೈಯಲ್ಲೇ ಇದೆ ಎಂದು ಬಸ್ಸು ಹತ್ತಿದ ಮೇಲೆ ತಿಳಿಯಿತು. ಅದರ ಅಂಗಿಯ ಗುಂಡಿ ಇನ್ನೂ ಹಾಕಿರಲಿಲ್ಲ.

ಸೇತುವೆಯ ಮೇಲೆ ಬಸ್ಸು ಆಮೆಯಾಯಿತು. ಅತ್ತೆಗೆ ಕೂರಲು ಜಾಗ ಸಿಕ್ಕಿದರೂ ಕೂರಲಿಲ್ಲ. ಕೂತವರಿಗೆ ಯಾರೋ ನೀರು ತಂದುಕೊಡುತ್ತಾರೆ ಎಂಬಂತೆ. ಎದುರಿನಿಂದ ಬರುತ್ತಿದ್ದವರ ಮುಖಗಳನ್ನು ನೋಡಿದಳು. ಅಲ್ಲಿ ಏನಾದರೂ ನಡೆದಿದ್ದರೆ ಇವರ ಮುಖದಲ್ಲಿ ಇರಬೇಕಲ್ಲ? ಒಬ್ಬಳು ಹಣ್ಣು ತಿನ್ನುತ್ತ ನಡೆಯುತ್ತಿದ್ದಳು. ಒಬ್ಬ ಷೂ ಲೇಸು ಕಟ್ಟಿಕೊಳ್ಳುತ್ತಿದ್ದ. ಇದರಿಂದ ಅವಳಿಗೆ ಸಮಾಧಾನವಾಗಲಿಲ್ಲ. ಅಪ್ಪ ಸತ್ತ ದಿನವೂ ಹಾದಿಯಲ್ಲಿ ಜನ ಹೀಗೇ ಹಣ್ಣು ತಿಂದಿರಬೇಕು. ಎಲ್ಲೋ ಒಂದು ಆಂಬುಲೆನ್ಸ್ ಕೂಗಿತು. ಯಾವ ದಿಕ್ಕಿನಿಂದ ಎಂದು ತಿಳಿಯುವಷ್ಟರಲ್ಲಿ ನಿಂತಿತು. ನಿಂತದ್ದು ಯಾಕೆ? ದೂರ ಹೋಯಿತೋ, ಅವಸರವೇ ಇಲ್ಲವಾಯಿತೋ?

ಆ ವಾರ ಮಾವನ ಕೆಲಸವಿದ್ದ ಕಟ್ಟಡದ ಬುಡದಲ್ಲಿ ಜನ ಸೇರಿರಲಿಲ್ಲ. ನೆಲ ಒದ್ದೆಯಾಗಿತ್ತು. ನೀರೇ, ಬರೀ ನೀರು, ಎಂದು ಎರಡು ಸಲ ನೋಡಿದಳು. ಯಾಕೆ ತೊಳೆದಿದ್ದಾರೆ?

ಒಳಗೆ ಗಾಜಿನ ಬಾಗಿಲ ಪಕ್ಕ ಕಾವಲಿನ ಮುದುಕ ಕೂತಿದ್ದ. ಅತ್ತೆಯ ಉಸಿರು ಕಂಡು ಎದ್ದುನಿಂತ.

"ಕಿಟಕಿ ಒರೆಸೋರು..." ಅತ್ತೆಗೆ ಮುಂದೆ ಬರಲಿಲ್ಲ. "ನಮ್ಮನೆಯವರು. ಎತ್ತರದ ಮನುಷ್ಯ, ಮೀಸೆ ಇದೆ, ಯಾವಾಗ್ಲೂ ನಗ್ತಿರ್ತಾರೆ..."

"ಓ, ಅವರಾ?" ಮುದುಕನ ದನಿ ಮೆತ್ತಗಿತ್ತು. "ಅವರು ಆಗ್ಲೇ ಮೇಲೆ ಹೋದ್ರಲ್ಲಮ್ಮ."

ಅತ್ತೆಗೆ ಗೋಡೆ ಹತ್ತಿರ ಬಂದ ಹಾಗಾಯಿತು. ಮುದುಕ ಕುರ್ಚಿ ಎಳೆದ. "ಕೂತ್ಕೊಳ್ಳಿ, ಕೂತ್ಕೊಳ್ಳಿ. ನೀರು ಕುಡೀರಿ ಮೊದ್ಲು."

ಕುರ್ಚಿ. ನೀರು. ಬೆಣ್ಣೆಯಂಥ ದನಿ. ಅವಳು ಕಣ್ಣು ಕೆಳಗಿಳಿಸಿ ಮುದುಕನ ಕೈಗಳನ್ನು ನೋಡಿದಳು. ಲೋಟ ಹಿಡಿದ ಕೈ ನಡುಗುತ್ತಿತ್ತು. ಮುದುಕರ ಕೈ ಯಾವಾಗಲೂ ಹಾಗೇ ನಡುಗುತ್ತದೆ ಎಂದು ಅವಳಿಗೆ ಆಗ ಹೊಳೆಯಲಿಲ್ಲ.

"ಯಾವಾಗ?" ಎಂದಳು.

"ಏನು ಯಾವಾಗ?"

"ಮೇಲೆ ಹೋಗಿದ್ದು."

"ಸ್ವಲ್ಪ ಹೊತ್ತಾಯ್ತು. ಕೆಳಗೆ ಬಂದು ನೀರು ಕುಡಿದು, ನನ್ನ ಹತ್ರ ಫೋನ್ ಮಾಡಿಸಿ, ಮತ್ತೆ ಲಿಫ್ಟಲ್ಲಿ ಹೋದ್ರು." ಅವಳ ಮುಖ ನೋಡಿ ಮುದುಕನಿಗೆ ಥಟ್ಟನೆ ಅರ್ಥವಾಯಿತು. "ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ! ಚಾವಣಿಗೆ ತಾಯಿ, ಚಾವಣಿಗೆ! ಬನ್ನಿ, ತೋರಿಸ್ತೀನಿ ಬನ್ನಿ."

ತೋಳು ಹಿಡಿದು ಹೊರಗೆ ಕರೆತಂದ. ಅತ್ತೆ ಮದುವೆಯಾದಾಗಿನಿಂದ ಒಮ್ಮೆಯೂ ಮಾವ ಕೆಲಸ ಮಾಡುವುದನ್ನು ನೋಡಿರಲಿಲ್ಲ. ಆ ದಿನ ತಲೆ ಎತ್ತಿದಳು. ಗಾಜಿನ ತುಂಬ ಬಿಸಿಲು. ಅದರ ನಡುವೆ ಒಂದು ಕಪ್ಪು ಚುಕ್ಕೆ, ಕಾಲುಗಳಿದ್ದ ಚುಕ್ಕೆ. ಒಂದು ಕೈ ಗಾಜನ್ನು ಸುತ್ತಿ ಸುತ್ತಿ ಒರೆಸುತ್ತಿತ್ತು, ಬಲದಿಂದ ಎಡಕ್ಕೆ, ಕೊನೆಗೊಂದು ಸಣ್ಣ ಬಾಲ ಎಳೆದು. ಮನೆಯ ಕನ್ನಡಿಯನ್ನೂ ಅವನು ಹಾಗೆಯೇ ಒರೆಸುತ್ತಾನೆ. ಅವನೇ. ಗಾಳಿ ಬಂದಾಗ ಅವನು ಕೂತ ಹಲಗೆ ಮೆಲ್ಲಗೆ ಆ ಕಡೆ ಹೋಗಿ ಈ ಕಡೆ ಬರುತ್ತಿತ್ತು.

ಕೂಗಬೇಕೆನ್ನಿಸಿತು, ಕೂಗಲಿಲ್ಲ. ಎತ್ತರದಲ್ಲಿದ್ದವರನ್ನು ಕೆಳಗಿನಿಂದ ಕರೆಯಬಾರದು. ಅದು ಅವನೇ ಹೇಳಿಕೊಟ್ಟದ್ದು. ಹಗ್ಗದಂಗಿಯನ್ನು ಮುದುಕನ ಕೈಗಿಟ್ಟಳು. "ಇದನ್ನ ಚಾವಣೀಲಿ ಮೇಸ್ತ್ರಿ ಕೈಗೆ ಕೊಡಿ. ಗುಂಡಿ ಎಲ್ಲಾ ಹಾಕ್ಬೇಕು ಅಂತ ಹೇಳಿ. ಒಂದೂ ಬಿಡ್ಬಾರ್ದು."

ಮುದುಕ ಹೋಗಿ ಬಂದು "ಹಾಕಿದ್ರು" ಎಂದ. ಅವಳು ಕದಲಲಿಲ್ಲ. ಸೂರ್ಯ ನೆತ್ತಿ ದಾಟಿದ. ದೇವರು ಹುಟ್ಟುವ ಹೊತ್ತು ಅವಳ ಮುಷ್ಟಿಯೊಳಗೇ ಕಳೆದುಹೋಯಿತು. ಹಿತ್ತಾಳೆ ಬೆವರಿನಿಂದ ಬಿಸಿಯಾಗಿತ್ತು.

ಮಾವ ಇಳಿದು ಬಂದವನು ಅವಳನ್ನು ಕಂಡು ಹುಬ್ಬೇರಿಸಿದ. "ಇದೇನೇ ಇದು, ತಾಯಿ ಮಗು ಇಬ್ರೂ ಇಲ್ಲಿ?"

"ಹಗ್ಗ ಹೆಚ್ಚಿದೆ ಅಂತ ಹೇಳಿ ಕಳಿಸಿದ್ರಲ್ಲ."

"ಹೂಂ, ತೊಟ್ಟಿಲಿಗೆ ಕೇಳಿದ್ಯಲ್ಲ, ಅದಕ್ಕೇ..." ಅವನ ಮಾತು ಅರ್ಧದಲ್ಲಿ ನಿಂತಿತು. ಅವಳು ಅದನ್ನು ಹೇಗೆ ಕೇಳಿಸಿಕೊಂಡಳು ಎಂದು ಆಗ ಅವನಿಗೆ ಹೊಳೆಯಿತು. "ಅಯ್ಯೋ ಮಾರಾಯ್ತಿ! ನಾನು ನಿಮ್ಮಮ್ಮನ ಮಾತಲ್ಲಿ ಹೇಳಿದ್ದಲ್ಲ ಕಣೆ, ಊರಿನ ಮಾತಲ್ಲಿ ಹೇಳಿದ್ದು! ಹೆಚ್ಚಿದೆ ಅಂದ್ರೆ ಉಳಿದಿದೆ ಅಂತ!"

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಕಾವಲಿನ ಮುದುಕ ತನ್ನ "ಮೇಲೆ ಹೋದ್ರು" ಕಥೆ ಸೇರಿಸಿದ. ಅತ್ತೆಯೂ ನಕ್ಕಳು, ಅಳು ಬಂದುಬಿಡುತ್ತದೆಂದು. ಮಾವ ಚೀಲದಿಂದ ನೀಲಿ ಹಗ್ಗದ ಸುರುಳಿ ತೆಗೆದು ಅವಳ ಕೊರಳಿಗೆ ಹಾರದ ಹಾಗೆ ಹಾಕಿದ.

ಇಲ್ಲಿಗೇ ಮುಗಿದಿದ್ದರೆ ಇದು ನಮ್ಮ ಮನೆಯಲ್ಲಿ ಹೇಳಿಕೊಂಡು ನಗುವ ಕಥೆಯಾಗುತ್ತಿತ್ತು. ನೆಂಟರ ಮುಂದೆ ಅತ್ತೆ ಇಲ್ಲಿಯವರೆಗೇ ಹೇಳುವುದು.

ಸಂಜೆ ಅಂಗಡಿಯಿಂದ ಡ್ರಾಯರನ್ನು ಮನೆಗೆ ತಂದರು. ಹೊತ್ತು ಮೀರಿದರೂ ಒಂದು ಸಲ ತೂಗದೆ ಬಿಡುವುದು ಹೇಗೆ? ಮಾವ ಸ್ಟೂಲು ಹತ್ತಿ ಬಾಗಿಲ ಮೇಲಿನ ಕೊಕ್ಕೆ ಸರಿಮಾಡುತ್ತಿದ್ದ. ಅತ್ತೆ ಕೆಳಗೆ ಕೂತು, ಹಗ್ಗವನ್ನು ಎರಡು ಪಾಲು ಮಾಡಲು ಬೆರಳುಗಳ ನಡುವೆ ಎಳೆಯುತ್ತಿದ್ದಳು. ನುಣುಪು, ನುಣುಪು, ನುಣುಪು. ತುದಿಗೆ ಬಂದಾಗ ಬೆರಳು ನಿಂತಿತು.

ತುದಿಯನ್ನು ಚೂರಿಯಿಂದ ನೀಟಾಗಿ ಕತ್ತರಿಸಿ ಬೆಂಕಿ ಮುಟ್ಟಿಸಿದ್ದರು. ಆದರೆ ಅದಕ್ಕಿಂತ ಒಂದು ಗೇಣು ಮೊದಲೇ ಹಗ್ಗದ ಮೈ ಬದಲಾಗಿತ್ತು. ನವಿರಾದ ನೂಲೆಳೆಗಳು ಎದ್ದಿದ್ದವು, ವರ್ಷಗಟ್ಟಲೆ ಕುತ್ತಿಗೆಗೆ ಉಜ್ಜಿದ ಕಾಲರಿನ ಹಾಗೆ. ಅಂಥ ಕಾಲರುಗಳನ್ನು ದಿನವೂ ಮುಟ್ಟುವ ಬೆರಳು ಅದು. ಉಜ್ಜಿದ್ದರ ನಡುಭಾಗ ಇಲ್ಲಿಲ್ಲ, ಅದನ್ನು ಕತ್ತರಿಸಿ ಎಸೆದಿದ್ದಾರೆ. ಇದು ಅದರ ಅಂಚು ಮಾತ್ರ.

ಅವಳು ತಲೆ ಎತ್ತಲಿಲ್ಲ.

"ರೀ. ಈ ಹಗ್ಗ ಹೆಚ್ಚಿದ್ದಾ, ಹೆಚ್ಚಿದ್ದಾ?"

ಒಂದೇ ಮಾತು, ಎರಡು ಸಲ. ಮಾವ ಸ್ಟೂಲಿನ ಮೇಲೆ ಹಾಗೇ ನಿಂತ. ನೆಲದಿಂದ ಎರಡಡಿ ಎತ್ತರದಲ್ಲಿ, ಇಳಿಯಲು ದಾರಿಯಿಲ್ಲದವನ ಹಾಗೆ.

"ಒಳ್ಳೇ ದಿನ ಕಣೆ ಇವತ್ತು," ಎಂದ ಕೊನೆಗೆ. "ಬಿಡು."

"ಹೇಳಿ."

"ನಿಮ್ಮಮ್ಮ ಇದ್ದಿದ್ರೆ..."

"ನಮ್ಮಮ್ಮ ಒಳ್ಳೇ ಮಾತಾಡಿ ಆಡಿ, ನನಗೆ ಒಳ್ಳೇ ಮಾತು ಕೇಳಿದ್ರೇನೇ ಜೀವ ಹೋಗತ್ತೆ. ಇರೋದನ್ನ ಇದ್ದ ಹಾಗೆ ಹೇಳ್ರಿ ಒಂದ್ಸಲ."

ಅವನು ಇಳಿದು ಅವಳೆದುರು ನೆಲದ ಮೇಲೆ ಕೂತ.

"ಹರಿದಿತ್ತು," ಎಂದ.

ಆ ಮನೆಯಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ. ಆಡಿದ ಮೇಲೆ ಏನೂ ಆಗಲಿಲ್ಲ. ನಲ್ಲಿ ತೊಟ್ಟಿಕ್ಕುತ್ತಿತ್ತು, ಪಕ್ಕದ ಮನೆಯಲ್ಲಿ ಯಾರೋ ಕೆಮ್ಮಿದರು.

ಅವನು ಮೆಲ್ಲಗೆ ಎಲ್ಲ ಹೇಳಿದ. ಚೀಲದಲ್ಲಿ ಹಗ್ಗದಂಗಿ ಇಲ್ಲವೆಂದು ಚಾವಣಿಯಲ್ಲಿ ಗೊತ್ತಾಯಿತು. ಟವೆಲು ಮಡಿಸಿ ಅಂಚಿಗೆ ಹಾಸಿದ. ಗಾಳಿಗೆ ಅದು ಜಾರಿತು. ಮೇಸ್ತ್ರಿ ಬೀಡಿ ಹಚ್ಚಲು ಆ ಬದಿಗೆ ಬಂದವನು ನೋಡಿ, ಬೀಡಿ ಬಿಸುಟು ಎರಡನೆಯ ಹಗ್ಗಕ್ಕೆ ಕೈ ಹಾಕಿದ. ಮೊದಲನೆಯದರ ನೀಲಿ ಸಿಪ್ಪೆ ಹೋಗಿ ಒಳಗಿನ ಬಿಳಿ ಕಾಣುತ್ತಿತ್ತು.

"ಆಗ ನೀವು ಅದರಲ್ಲಿ ಇದ್ರಾ?"

"ಇದ್ದೆ."

"ನಿಮಗೆ ಗೊತ್ತಾಯ್ತಾ?"

"ಇಲ್ಲ. ಮೇಸ್ತ್ರಿ ಮೇಲಕ್ಕೆ ಎಳೆದುಕೊಂಡ ಮೇಲೆ ಗೊತ್ತಾಗಿದ್ದು." ಅವಳ ಕೈಯಲ್ಲಿದ್ದ ಹಗ್ಗದ ತುದಿ ಮುಟ್ಟಿ ಹೇಳಿದ, "ಕಾಲು ನಡುಗ್ತಿತ್ತು. ಅದಕ್ಕೇ ಕೆಳಗಿಳಿದು ನೀರು ಕುಡಿದೆ. ನಿನ್ನ ದನಿ ಕೇಳ್ಬೇಕು ಅನ್ನಿಸ್ತು. ಮಾತಾಡಿದ್ರೆ ನನ್ನ ದನೀಲಿ ನಿನಗೆ ಗೊತ್ತಾಗ್ಬಿಡತ್ತೆ ಅಂತ ಆ ಮುದುಕನ ಕೈಲಿ ಮಾಡಿಸ್ದೆ. ಏನು ಹೇಳಿಸ್ಬೇಕು ಅಂತ ತೋಚಲಿಲ್ಲ. ಹಗ್ಗ ಕೇಳಿದ್ದು ನೆನಪಾಯ್ತು. ಹೊಸ ಹಗ್ಗ ಕಟ್ಟಿದ್ರು, ಮತ್ತೆ ಇಳಿದೆ."

"ಹಗ್ಗದಂಗಿ ನನ್ನ ಚೀಲದಲ್ಲಿತ್ತು," ಎಂದಳು ಅತ್ತೆ. "ನಾನೇ ದೇವರ ಬಟ್ಟೆ ಜೊತೆ ಬಾಚಿಕೊಂಡು ಹೋದೆ."

"ನಾನೂ ನೋಡದೆ ಹೊರಟೆನಲ್ಲ."

ಅತ್ತೆ ಹಗ್ಗವನ್ನು ಸುತ್ತಿ ಬದಿಗಿಟ್ಟಳು. ಅದರಲ್ಲಿ ತೊಟ್ಟಿಲು ಕಟ್ಟಲು ಮನಸ್ಸು ಬರಲಿಲ್ಲ. ಹಳೆಯ ಹುರಿಯನ್ನೂ ನಂಬಲಿಲ್ಲ. ಡ್ರಾಯರಿನ ಒಂದು ತುದಿಯನ್ನು ತಾನು ಹಿಡಿದಳು, ಇನ್ನೊಂದನ್ನು ಅವನಿಗೆ ಹಿಡಿಯಲು ಹೇಳಿದಳು. ಕೆಂಪು ಬಟ್ಟೆಯ ಮೇಲೆ ಶಿಶುವನ್ನು ಮಲಗಿಸಿ, ಮಧ್ಯಾಹ್ನದಿಂದ ತೆರೆದೇ ಇದ್ದ ಗುಂಡಿಯನ್ನು ಹಾಕಿದಳು. ಇಬ್ಬರೂ ನೆಲದ ಮೇಲೆ ಎದುರುಬದುರು ಕೂತು ತೂಗಿದರು. ಜೋಗುಳದ ನಡುವೆ ಅವಳ ದನಿ ಒಡೆಯಿತು. ಮಾವ ಮುಂದುವರಿಸಲು ಹೋಗಿ ಸಾಲು ತಪ್ಪಿದ.

"ನಾನು ಅಂಥಾ ಅಪಶಕುನ ನುಡಿದೆನಲ್ಲ, ಹಬ್ಬದ ದಿನ," ಎಂದ, ತೂಗುತ್ತಲೇ.

"ಯಾವ್ದು?"

"ಹರಿದಿತ್ತು ಅಂತ."

ಅತ್ತೆ ಯೋಚಿಸಿದಳು. "ಅದರಲ್ಲೂ ಹರಿ ಇದಾನಲ್ಲ, ಬಿಡಿ," ಎಂದಳು.

ಈಗ ವಾರಕ್ಕೊಮ್ಮೆ ಮಾವ ಹಗ್ಗಗಳನ್ನು ಮನೆಗೆ ತರುತ್ತಾನೆ. ಅತ್ತೆ ಕಣ್ಣು ಮುಚ್ಚಿ ಕೂರುತ್ತಾಳೆ. ಅವನು ಒಂದು ಕಡೆಯಿಂದ ಬಿಡುತ್ತ ಹೋಗುತ್ತಾನೆ, ಅವಳ ಬೆರಳುಗಳ ನಡುವೆ ಹಗ್ಗ ಹರಿದು ಇನ್ನೊಂದು ಕಡೆ ಸುರುಳಿಯಾಗುತ್ತದೆ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮಾತಾಡಬಾರದು. ನಾನು ಹೋದಾಗಲೂ ಬಾಗಿಲ ಬಳಿ ನಿಂತು ಕಾಯುತ್ತೇನೆ. ಅವಳ ಭಯವೇನೂ ಹೋಗಿಲ್ಲ; ಬೆರಳು ಎಲ್ಲಾದರೂ ನಿಂತರೆ ಮುಖದ ಬಣ್ಣ ಇಳಿಯುತ್ತದೆ, ಮುಂದೆ ಸರಿದರೆ ಮರಳುತ್ತದೆ. ಮಾವ ಹಗ್ಗವನ್ನು ನೋಡುವುದಿಲ್ಲ, ಅವಳ ಮುಖವನ್ನೇ ನೋಡುತ್ತಿರುತ್ತಾನೆ.

ಕೊನೆಯ ತುದಿ ಕೈಯಿಂದ ಜಾರಿದ ಮೇಲೆ ಅವಳು ಸರಿಯಿದೆ ಎನ್ನುವುದಿಲ್ಲ, ಚೆನ್ನಾಗಿದೆ ಎನ್ನುವುದಿಲ್ಲ. ಆ ಮಾತುಗಳನ್ನು ಅವಳು ನಂಬುವುದಿಲ್ಲ.

"ಹರಿದಿಲ್ಲ," ಎನ್ನುತ್ತಾಳೆ, ಕಣ್ಣು ತೆರೆಯುತ್ತ.